ಪೆಟ್ಟಿಗೆಗೆ ಬಿಕ್ಕಳಿಕೆ

ಮಾರ್ಚ್ 3, ಸೋಮವಾರ

ಈ ನೋಟುಬುಕ್ಕು ಮುದ್ರಣಾಲಯದವರು ಕೊಟ್ಟದ್ದು. ಪುಸ್ತಕ ಎಷ್ಟು ದಪ್ಪ ಬರುತ್ತದೆಂದು ನೋಡಲು ಖಾಲಿ ಹಾಳೆ ಹಾಕಿ ಹೊಲಿದ ಮಾದರಿ ಪ್ರತಿ. ಕೆಲಸ ಮುಗಿದ ಮೇಲೆ ಯಾರಿಗೂ ಬೇಡ. ಇಪ್ಪತ್ತೇಳು ವರ್ಷ ಕರಡು ತಿದ್ದಿದವನಿಗೆ ಅಚ್ಚಿಲ್ಲದ ಹಾಳೆ ಕಂಡರೆ ಒಂದು ಥರದ ನೆಮ್ಮದಿ. ಇಲ್ಲಿ ತಪ್ಪು ಹುಡುಕಬೇಕಿಲ್ಲ. ಕಣ್ಣಿನ ಡಾಕ್ಟರು ಓದುವುದನ್ನು ಕಡಿಮೆ ಮಾಡಿ ಎಂದಿದ್ದಾರೆ, ಬರೆಯುವುದರ ಬಗ್ಗೆ ಚಕಾರ ಎತ್ತಿಲ್ಲ. ಆದ್ದರಿಂದ ಬರೆಯುತ್ತಿದ್ದೇನೆ, ದಪ್ಪ ಪೆನ್ನಿನಲ್ಲಿ, ಒಂದು ಸಾಲು ಬಿಟ್ಟು ಒಂದು ಸಾಲು.

ವಿಷಯ ಇಷ್ಟು. ನನ್ನ ಬಲಗಣ್ಣಿನ ಹಿಂಭಾಗದ ಪರದೆಯಲ್ಲಿ, ಸರಿಯಾಗಿ ನಡುಮಧ್ಯ, ಒಂದು ಸಣ್ಣ ರಂಧ್ರ. ಎಡಗಣ್ಣು ಮೊದಲಿನಿಂದಲೂ ಸೋಮಾರಿ, ಮೂಗಿನ ಹತ್ತಿರ ಹಿಡಿದರೆ ಮಾತ್ರ ಕೆಲಸ ಮಾಡುತ್ತದೆ. ಏಪ್ರಿಲ್ ಒಂಬತ್ತಕ್ಕೆ ಆಪರೇಷನ್. ಅದಾದ ಮೇಲೆ ಹತ್ತು ದಿನ ಮುಖ ನೆಲಕ್ಕೆ ಮಾಡಿಕೊಂಡೇ ಇರಬೇಕಂತೆ. ಕಣ್ಣೊಳಗೆ ತುಂಬಿದ ಗಾಳಿಗುಳ್ಳೆ ಆ ರಂಧ್ರವನ್ನು ಒತ್ತಿ ಹಿಡಿಯಬೇಕಲ್ಲ. ಊಟ, ನಿದ್ದೆ ಎಲ್ಲ ಬೋರಲು. ಹಾಗಿರುವಾಗ ಅಕ್ಕನ ಮಾತು ನೋಡುವವರು ಯಾರು?

ನೋಡುವವರು ಎಂದೇ ಬರೆದೆ. ಅಕ್ಕನಿಗೆ ಹುಟ್ಟಿನಿಂದ ಕಿವಿ ಕೇಳಿಸದು. ಶಾಲೆಯ ಮೆಟ್ಟಿಲು ಹತ್ತಿಸಿದವರಿಲ್ಲ, ಹಾಗಾಗಿ ಓದು ಬರಹವೂ ಇಲ್ಲ. ಅವಳೂ ಅಮ್ಮನೂ ಸೇರಿ ಮನೆಯಲ್ಲೇ ಕಟ್ಟಿಕೊಂಡ ಕೈಸನ್ನೆಯ ಭಾಷೆ ಒಂದಿದೆ. ಅದನ್ನು ಬಲ್ಲವರು ಜಗತ್ತಿನಲ್ಲಿ ಮೂರೇ ಜನ ಇದ್ದೆವು. ಎರಡು ವರ್ಷದ ಹಿಂದೆ ಅಮ್ಮ ಹೋದಳು. ಈಗ ಅಕ್ಕನಿಗೂ ಲೋಕಕ್ಕೂ ನಡುವೆ ಇರುವವನು ನಾನೊಬ್ಬ. ನನ್ನನ್ನು ಕರೆಯುವಾಗ ಅವಳು ತನ್ನ ಕಿವಿಯ ತುದಿ ಹಿಡಿಯುತ್ತಾಳೆ. ಅವಳ ಕಿವಿ ನಾನು. ಇದನ್ನು ಬರೆಯುವಾಗ ಸ್ವಲ್ಪ ಎದೆ ಉಬ್ಬುತ್ತದೆ, ಉಬ್ಬಲಿ.

ಅಮ್ಮನದು ದೂರದ ಯೋಚನೆ. "ನಾನು ಹೋದ್ಮೇಲೆ ಈ ಮಾತೆಲ್ಲ ಎಲ್ಲಿರತ್ತೋ?" ಎಂದು ಕೇಳಿ ನನ್ನಿಂದ ಕ್ಯಾಮೆರಾ ತರಿಸಿದಳು. ಐದು ತಿಂಗಳು, ದಿನಾ ಮಧ್ಯಾಹ್ನ, ಇಬ್ಬರೂ ಅಕ್ಕಪಕ್ಕ ಕೂತು ಒಂದೊಂದೇ ಸನ್ನೆ ಮಾಡಿದರು, ನಾನು ವಿಡಿಯೊ ತೆಗೆದೆ. ಒಟ್ಟು ನಾನೂರ ಹನ್ನೆರಡು. ಪ್ರತಿಯೊಂದಕ್ಕೂ ಆಯಾ ಪದವನ್ನೇ ಹೆಸರಾಗಿಟ್ಟೆ, ಕಾಗುಣಿತ ಎರಡೆರಡು ಸಲ ನೋಡಿ. ಫ್ಯಾನಿನ ಗದ್ದಲ ಬೇಡವೆಂದು ಧ್ವನಿ ಮಾತ್ರ ಬಂದ್ ಮಾಡಿದ್ದೆ. ನಾನು ಬೋರಲು ಬೀಳುವುದರೊಳಗೆ ಹೆಂಡತಿ, ಮಗಳು ಇಬ್ಬರೂ ಅವನ್ನು ನೋಡಿ ಕಲಿಯಬೇಕೆಂದು ನಿನ್ನೆ ತೀರ್ಮಾನಿಸಿದ್ದೆವು.

ಇವತ್ತು ಬೆಳಿಗ್ಗೆ ಕಂಪ್ಯೂಟರು ಏಳಲಿಲ್ಲ. ಪೆಟ್ಟಿಗೆಯೊಳಗೆ ಟಕ್, ಟಕ್, ಟಕ್. ಸ್ವಲ್ಪ ಹೊತ್ತು ಸುಮ್ಮನೆ. ಮತ್ತೆ ಟಕ್.

"ಅಪ್ಪಾ, ಬೇರೆ ಕಡೆ ಕಾಪಿ ಇಟ್ಟಿಲ್ವಾ?" ಎಂದಳು ಮಗಳು.

ಇಟ್ಟಿಲ್ಲ. ಆಗಲೇ ಅವಳು ಹೇಳಿದ್ದಳು, ನಾನೇ ಬೇಡವೆಂದಿದ್ದೆ. ಒಂದೇ ಪುಸ್ತಕದ ಎರಡು ಕರಡು ಮೇಜಿನ ಮೇಲಿದ್ದರೆ ಒಂದರಲ್ಲಿ ತಿದ್ದಿದ್ದು ಇನ್ನೊಂದರಲ್ಲಿ ಉಳಿದು ಅನಾಹುತವಾಗುವುದನ್ನು ಜೀವಮಾನವಿಡೀ ಕಂಡವನು ನಾನು. ಪ್ರತಿ ಒಂದೇ ಇರಬೇಕು, ಅದು ಸರಿ ಇರಬೇಕು ಎಂದು ಅವಳಿಗೆ ಭಾಷಣ ಮಾಡಿದ್ದೆ. ಈಗ ಆ ಒಂದೂ ಇಲ್ಲ.

"ಹೋಗ್ಲಿ ಬಿಡಪ್ಪ. ಅತ್ತೆ ಇಲ್ಲೇ ಕೂತಿದಾರಲ್ಲ, ಮತ್ತೆ ತೆಗೆದ್ರಾಯ್ತು."

ಹರೆಯದವರಿಗೆ ಎಲ್ಲ ಸುಲಭ. ಐದು ತಿಂಗಳ ಕೆಲಸ ಐದು ವಾರದಲ್ಲಿ ಆಗುತ್ತದೆಯೇ? ಅಕ್ಕನಿಂದ ಮಾತು ಹೊರಡಿಸುವುದು ಅಮ್ಮನಿಗೆ ಗೊತ್ತಿತ್ತು, ನಮಗೆಲ್ಲಿ ಗೊತ್ತು? ಎಲ್ಲಕ್ಕಿಂತ ಹೆಚ್ಚಾಗಿ, ಅಮ್ಮ ಕೈ ಆಡಿಸಿಕೊಂಡು ಜೀವಂತ ಇರುವುದು ಈಗ ಆ ಪೆಟ್ಟಿಗೆಯಲ್ಲೇ.

ಮಾರ್ಚ್ 4, ಮಂಗಳವಾರ

ಮೂಲೆಯ ರಿಪೇರಿ ಅಂಗಡಿಯವನು ಪೆಟ್ಟಿಗೆ ಬಿಚ್ಚಿ, ಒಳಗಿನ ಹಾರ್ಡ್ ಡಿಸ್ಕ್ ಕಳಚಿ, ಕಿವಿಗೆ ಹಿಡಿದು ನೋಡಿ ನನ್ನ ಕೈಗಿಟ್ಟ. "ಇದರ ಕಥೆ ಮುಗೀತು ಸಾರ್. ಹೊಸದು ಹಾಕ್ಸಿ." ಅಂಗೈಯಗಲದ ವಸ್ತು, ಆದರೆ ಕೈ ಜಗ್ಗುವಷ್ಟು ಭಾರ.

ಮುದ್ರಣಾಲಯದಲ್ಲಿ ಪುಟ ಜೋಡಿಸುವಾತ ಒಂದು ಉಪಾಯ ಹೇಳಿಕೊಟ್ಟ. ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಫ್ರಿಜ್ಜಿನ ಐಸಿನ ಖಾನೆಯಲ್ಲಿಟ್ಟರೆ ಒಂದು ಸಲವಾದರೂ ಜೀವ ಬರುತ್ತದಂತೆ. ಇಟ್ಟೆ. ಹತ್ತು ನಿಮಿಷ ಆಗಿರಲಿಲ್ಲ, ಹೆಂಡತಿ ಅದನ್ನು ಎರಡು ಬೆರಳಲ್ಲಿ ಹಿಡಿದುಕೊಂಡು ಬಂದಳು.

"ರೀ, ಬಟಾಣಿ ಪಕ್ಕ ಇದೇನಿದು?"

"ಡಿಸ್ಕು ಕಣೇ. ತಣ್ಣಗಾಗ್ಲಿ ಅಂತ."

"ಮೊದ್ಲು ನಿಮ್ಮ ತಲೆ ತಣ್ಣಗಾಗ್ಲಿ. ಯಾರು ಏನು ಹೇಳಿದ್ರೂ ಮಾಡೋದೇನಾ?"

ಅವಳು ಔಷಧದ ಅಂಗಡಿಯಲ್ಲಿ ಕೆಲಸ ಮಾಡುತ್ತಾಳೆ. ಅಲ್ಲಿಗೆ ಬರುವ ಗಿರಾಕಿಯೊಬ್ಬರನ್ನು ವಿಚಾರಿಸಿ, ಕೆಟ್ಟ ಡಿಸ್ಕಿನಿಂದ ಒಳಗಿನದನ್ನು ತೆಗೆದುಕೊಡುವ ಒಬ್ಬರ ವಿಳಾಸವನ್ನು ಮಾತ್ರೆಯ ಚೀಟಿಯ ಹಿಂದೆ ಬರೆದುಕೊಂಡು ಬಂದಿದ್ದಳು. ಬೈಗುಳದ ಜತೆಗೇ ಅದನ್ನೂ ಕೊಟ್ಟಳು. ನಾನು ಇಡೀ ದಿನ ಅಲೆದು ಸಾಧಿಸದ್ದನ್ನು ಅವಳು ಕೂತಲ್ಲೇ ಸಾಧಿಸಿದ್ದಾಳೆ ಎಂದು ಬಾಯಿಬಿಟ್ಟು ಹೇಳಲಾಗಲಿಲ್ಲ, ಇಲ್ಲಿ ಬರೆದಿದ್ದೇನೆ.

ಮಾರ್ಚ್ 7, ಶುಕ್ರವಾರ

ಟೈರ್ ಅಂಗಡಿಯ ಮೇಲೆ, ಎರಡನೇ ಮಹಡಿ. ಬಾಗಿಲಲ್ಲೇ ಚಪ್ಪಲಿ ಬಿಡಿಸಿದರು. ನಲವತ್ತೈದರ ಆಸುಪಾಸಿನ ಹೆಂಗಸು, ತಲೆಗೆ ಆಸ್ಪತ್ರೆಯವರ ಹಾಗೆ ಟೋಪಿ. ಇವರನ್ನು ನಾನು ಡಿಸ್ಕ್ ಡಾಕ್ಟರ್ ಎಂದು ಬರೆಯುತ್ತೇನೆ, ಎದುರಿಗೆ ಮೇಡಂ. ಗೋಡೆಯುದ್ದಕ್ಕೂ ಕಪಾಟು, ಅದರಲ್ಲಿ ಚೀಟಿ ಅಂಟಿಸಿದ ನೂರಾರು ಹಳೆಯ ಡಿಸ್ಕುಗಳು. ಒಂದು ಮೂಲೆಯಲ್ಲಿ ಧೂಳು ಸೋಸಿದ ಗಾಳಿ ಬೀಸುವ ಗಾಜಿನ ಗೂಡು.

"ಫ್ರಿಜ್‌ನಲ್ಲಿ ಇಟ್ಟಿದ್ರಾ?" ಮೊದಲ ಪ್ರಶ್ನೆಯೇ ಇದು.

"ಹತ್ತೇ ನಿಮಿಷ ಮೇಡಂ."

"ಎಲ್ರೂ ಹತ್ತೇ ನಿಮಿಷ ಅಂತಾರೆ."

"ನಿಜವಾಗ್ಲೂ. ಮನೆಯವಳು ತೆಗೆದ್ಬಿಟ್ಳು."

"ಹಾಗಾದ್ರೆ ಅವರಿಗೆ ಥ್ಯಾಂಕ್ಸ್ ಹೇಳಿ. ಒಳಗೆ ನೀರು ಕಟ್ಟಿದ್ರೆ ನಾನು ಮುಟ್ತಾ ಇರ್ಲಿಲ್ಲ."

ಒಳಗೊಂದು ತಟ್ಟೆ ತಿರುಗುತ್ತಿರುತ್ತದಂತೆ, ಅದರ ಮೇಲೆ ಕೂದಲೆಳೆಗಿಂತ ಕಡಿಮೆ ಎತ್ತರದಲ್ಲಿ ಓದುವ ಮುಳ್ಳು ತೇಲುತ್ತದಂತೆ. ನಮ್ಮದರ ಮುಳ್ಳು ಕೆಟ್ಟಿದೆ. "ಈ ಟಕ್ ಟಕ್ ಯಾಕೆ ಗೊತ್ತಾ ಸರ್? ತಾನೆಲ್ಲಿದ್ದೀನಿ ಅಂತ ಅದು ಹುಡುಕ್ತಿದೆ. ಗೊತ್ತಾಗ್ತಿಲ್ಲ. ವಾಪಸ್ ತನ್ನ ಜಾಗಕ್ಕೆ ಹೋಗಿ ಇನ್ನೊಂದ್ಸಲ ಹುಡುಕತ್ತೆ. ಕರೆಂಟು ಕೊಟ್ಟಷ್ಟು ಸಲ ತಟ್ಟೆ ಮೇಲೆ ಗೀರು ಬೀಳತ್ತೆ. ಇನ್ನು ಯಾರೂ ಇದನ್ನ ಆನ್ ಮಾಡ್ಬೇಡಿ."

ಸದ್ದು ಯಾವಾಗಿನಿಂದ ಎಂದು ಕೇಳಿದರು. ಸೋಮವಾರದಿಂದ ಎಂದೆ.

"ಒಂದೇ ದಿನಕ್ಕೆ ಹೀಗಾಗಲ್ಲ. ಮುಂಚೆ ಏನಾದ್ರೂ ಸೂಚನೆ ಇತ್ತಾ?"

"ಇಲ್ಲ ಮೇಡಂ. ಇದ್ದಿದ್ರೆ ನಂಗೆ ಗೊತ್ತಾಗ್ದೆ ಇರ್ತಿತ್ತಾ?"

ಅದೇ ಮಾದರಿಯ, ಅದೇ ತಿಂಗಳು ತಯಾರಾದ ಇನ್ನೊಂದು ಡಿಸ್ಕು ಸಿಕ್ಕಿದರೆ ಅದರ ಮುಳ್ಳು ತೆಗೆದು ಇದಕ್ಕೆ ಕೂರಿಸಬಹುದಂತೆ. ಹುಡುಕುತ್ತೇನೆ ಎಂದರು. ಏನಿದೆ ಇದರಲ್ಲಿ ಎಂದೂ ಕೇಳಿದರು. ಹೇಳಿದೆ. ಅವರು ಡಿಸ್ಕಿಗೆ ಚೀಟಿ ಅಂಟಿಸಿ, ಎಲ್ಲಕ್ಕಿಂತ ಮೇಲಿನ ಖಾನೆಯಲ್ಲಿಟ್ಟರು. ಆ ಮೇಲಿನ ಖಾನೆಗೆ ನಾನು ಋಣಿ.

ಮಾರ್ಚ್ 12, ಬುಧವಾರ

ಇದನ್ನು ಬರೆಯಲು ಮನಸ್ಸಿಲ್ಲ. ಆದರೆ ತಪ್ಪು ಕಂಡ ಮೇಲೆ ಅಂಚಿನಲ್ಲಿ ಗುರುತು ಹಾಕದೆ ಬಿಟ್ಟವನಲ್ಲ ನಾನು.

ಅಕ್ಕ ಮನೆಯಲ್ಲೇ ಮುದ್ರಣಾಲಯದ ಹಾಳೆ ಮಡಚುವ ಕೆಲಸ ಮಾಡುತ್ತಾಳೆ. ಅಚ್ಚಾಗಿ ಬಂದ ದೊಡ್ಡ ಹಾಳೆಯನ್ನು ಹದಿನಾರು ಪುಟವಾಗಿ ಮಡಚಿ ಉಗುರಿನಲ್ಲಿ ಗೀರಿ ಅಡಕುವುದು. ಮಧ್ಯಾಹ್ನ ಮಡಚುವುದು ಮುಗಿದರೆ ಕಂಪ್ಯೂಟರಿನ ಮುಂದೆ ಕೂತು ಅಮ್ಮನ ವಿಡಿಯೊ ನೋಡುತ್ತಿದ್ದಳು. ಹಾಗೆ ನೋಡುವಾಗ ಒಂದು ಕೈ ಪೆಟ್ಟಿಗೆಯ ಮೇಲೆ ಇಟ್ಟಿರುತ್ತಿದ್ದಳು. ಯಂತ್ರದ ಅದುರು ಅವಳಿಗೆ ಇಷ್ಟ.

ಫೆಬ್ರವರಿಯಲ್ಲಿ ಒಂದು ದಿನ ನನ್ನ ತೋಳು ಜಗ್ಗಿ, ಪೆಟ್ಟಿಗೆ ತೋರಿಸಿ, ಮುಷ್ಟಿಯನ್ನು ಎದೆಗಿಟ್ಟು ಎರಡು ಸಲ ಮೇಲಕ್ಕೆ ಕುಕ್ಕಿದಳು. ಬಿಕ್ಕುವ ಸನ್ನೆ. ಅಮ್ಮನ ನೆನಪಾಗಿ ಬಿಕ್ಕಿ ಬಿಕ್ಕಿ ಅಳು ಬರುತ್ತಿದೆ ಪಾಪ, ಎಂದುಕೊಂಡೆ. ಬೆನ್ನು ಸವರಿದೆ. ಕರವಸ್ತ್ರ ಕೊಟ್ಟೆ. ಅಕ್ಕ ಕರವಸ್ತ್ರವನ್ನೂ ನನ್ನನ್ನೂ ನೋಡಿ ಎದ್ದು ಹೋದಳು. ಮೂರು ದಿನ ಬಿಟ್ಟು ಮತ್ತೆ ಅದೇ ಸನ್ನೆ. ಮತ್ತೆ ಬೆನ್ನು ಸವರಿದೆ, ಈ ಸಲ ನೀರೂ ತಂದುಕೊಟ್ಟೆ. "ಅಕ್ಕನನ್ನ ಸ್ವಲ್ಪ ದಿನ ಅವಳ ಪಾಡಿಗೆ ಬಿಡಿ" ಎಂದು ಮನೆಯವರಿಗೆಲ್ಲ ಹೇಳಿಯೂ ಬಿಟ್ಟೆ.

ಇವತ್ತು ಖಾಲಿ ಪೆಟ್ಟಿಗೆಯ ಮೇಲೆ ಕೈಯಿಟ್ಟು ಅಕ್ಕ ಮತ್ತೆ ಅದೇ ಸನ್ನೆ ಮಾಡಿದಳು. ನಾನು ಕರವಸ್ತ್ರಕ್ಕೆ ಕೈ ಹಾಕಿದೆ. ಹೆಂಡತಿ ತಡೆದಳು.

"ರೀ, ಅತ್ತಿಗೆ ಅಳ್ತಿಲ್ಲ."

"ನಿಂಗೇನ್ ಗೊತ್ತು? ಅದು ಬಿಕ್ಕು ಅನ್ನೋ ಸನ್ನೆ."

"ಸನ್ನೆ ಏನಾದ್ರೂ ಆಗ್ಲಿ, ಮುಖ ನೋಡಿ. ಕಣ್ಣು ಇಷ್ಟಗಲ ಬಿಟ್ಟಿದ್ದಾರೆ. ಅಳೋರು ಹಾಗೆ ಕಣ್ಣು ಬಿಡ್ತಾರಾ? ಬಿಕ್ಕಳಿಕೆ ಬಂದೋರ ಥರ ಇದೆ."

"ಬಿಕ್ಕು" ಎಂಬ ಒಂದೇ ಮಾತಿಗೆ ಅಮ್ಮ ಒಂದೇ ಸನ್ನೆ ಮಾಡಿದ್ದಳು. ಅಳುವವರೂ ಬಿಕ್ಕುತ್ತಾರೆ, ಬಿಕ್ಕಳಿಕೆ ಬಂದವರೂ ಬಿಕ್ಕುತ್ತಾರೆ. ಕಣ್ಣು ಕೆಳಗಿಳಿದರೆ ಅಳು, ಅರಳಿದರೆ ಬಿಕ್ಕಳಿಕೆ. ಇದು ನನಗೆ ಐದು ವರ್ಷದವನಿದ್ದಾಗಿನಿಂದ ಗೊತ್ತು. ಪೆಟ್ಟಿಗೆಗೆ ಬಿಕ್ಕಳಿಕೆ ಬಂದಿದೆ, ಏನೋ ಕೆಟ್ಟಿದೆ ಎಂದು ಅಕ್ಕ ಒಂದು ತಿಂಗಳಿನಿಂದ ಹೇಳುತ್ತಿದ್ದಳು. ನಮ್ಮ ಮನೆಯಲ್ಲಿ ಆ ಸದ್ದು ಮೊದಲು ತಿಳಿದದ್ದು ಕಿವಿ ಕೇಳಿಸದ ಒಬ್ಬಳಿಗೇ. ಕೈ ಮಾತ್ರ ನೋಡಿದೆ, ಮುಖ ಯಾಕೆ ನೋಡಲಿಲ್ಲ ಎಂದು ಯೋಚಿಸುತ್ತಾ ಕೂತವನಿಗೆ ಆಮೇಲೆ ಹೊಳೆಯಿತು. ರಂಧ್ರ ಇರುವುದು ನಡುಮಧ್ಯ. ನಾನು ಯಾರನ್ನು ನೇರವಾಗಿ ನೋಡುತ್ತೇನೋ ಅವರ ಮುಖವೇ ಮಾಯವಾಗುತ್ತದೆ. ಎರಡು ತಿಂಗಳಿನಿಂದ ಅಕ್ಕನ ಮುಖವನ್ನು ನಾನು ನೋಡಿಯೇ ಇಲ್ಲ, ಊಹಿಸಿಕೊಂಡಿದ್ದೇನೆ.

ಅಕ್ಕನ ಎರಡೂ ಕೈ ಹಿಡಿದುಕೊಂಡು ತಪ್ಪಾಯಿತು ಅಂದೆ. ಅವಳು ಕರವಸ್ತ್ರವನ್ನು ನನ್ನ ಜೇಬಿನಿಂದ ತೆಗೆದು ನನಗೇ ಕೊಟ್ಟಳು.

ಮಾರ್ಚ್ 15, ಶನಿವಾರ

ಡಿಸ್ಕ್ ಡಾಕ್ಟರಿಗೆ ಫೋನು ಮಾಡಿ, ಸೂಚನೆ ಇತ್ತು, ನಾನೇ ತಪ್ಪು ಓದಿದೆ ಎಂದು ಹೇಳಿದೆ. "ಪರವಾಗಿಲ್ಲ ಸರ್, ಹೇಳಿದ್ರಲ್ಲ" ಎಂದರು. ಹೊಂದುವ ಡಿಸ್ಕು ಇನ್ನೂ ಸಿಕ್ಕಿಲ್ಲ.

ಮಾರ್ಚ್ 20, ಗುರುವಾರ

ಸಿಕ್ಕಿತು! ಯಾವುದೋ ಹಲ್ಲಿನ ಆಸ್ಪತ್ರೆಯವರು ಎಸೆದ ಕಂಪ್ಯೂಟರಿನದು. ಅಲ್ಲಿ ಹಲ್ಲು ಕೀಳಿಸಿಕೊಂಡ ಸಕಲರಿಗೂ ಒಳ್ಳೆಯದಾಗಲಿ.

ಅಕ್ಕ ತಾನೂ ಬರುತ್ತೇನೆಂದು ಹಟ ಹಿಡಿದಳು, ಕರೆದುಕೊಂಡು ಹೋದೆ. ಗಾಜಿನ ಗೂಡಿನೊಳಗೆ ಡಿಸ್ಕ್ ಡಾಕ್ಟರ್ ಮುಚ್ಚಳ ಬಿಚ್ಚಿದರು. ಕನ್ನಡಿಯಂಥ ತಟ್ಟೆ. ಒಂದರ ಮುಳ್ಳು ಕಳಚಿ ಇನ್ನೊಂದಕ್ಕೆ ಕೂರಿಸುವಷ್ಟು ಹೊತ್ತು ಅವರು ಉಸಿರು ಬಿಟ್ಟರೋ ಇಲ್ಲವೋ, ನಾನಂತೂ ಬಿಡಲಿಲ್ಲ. ಮುಚ್ಚಳ ಹಾಕಿ, ಹೊರಗೆ ತಂದು, ತಮ್ಮ ಯಂತ್ರಕ್ಕೆ ಜೋಡಿಸಿ ಕರೆಂಟು ಕೊಟ್ಟರು. ಆಮೇಲೆ ಯಾರೂ ಹೇಳದೆ ಅಕ್ಕನ ಕೈ ಹಿಡಿದು, ಎರಡು ಬೆರಳನ್ನು ಮೇಜಿನ ಅಂಚಿಗೆ, ಡಿಸ್ಕಿನ ಪಕ್ಕಕ್ಕೆ, ಇಟ್ಟರು.

ಅಕ್ಕ ಕಣ್ಣು ಮುಚ್ಚಿದಳು. ತೆರೆದಳು. ಅಂಗೈ ಚಪ್ಪಟೆ ಮಾಡಿ ಮೆಲ್ಲಗೆ ಮುಂದಕ್ಕೆ ಸರಿಸಿದಳು.

"ಏನಂದ್ರು?" ಎಂದರು ಡಿಸ್ಕ್ ಡಾಕ್ಟರ್.

ನಾನು ತಲೆ ಸ್ವಲ್ಪ ಓರೆ ಮಾಡಿ, ಕಣ್ಣಿನ ಅಂಚಿನಿಂದ ಅಕ್ಕನ ಮುಖ ನೋಡಿಕೊಂಡು ಆಮೇಲೆ ಹೇಳಿದೆ. "ನಡೀತಿದೆ ಅಂತಿದ್ದಾಳೆ. ಎಡವದೆ ನಡೀತಿದೆ."

"ಕರೆಕ್ಟ್. ಪರದೆ ಮೇಲೆ ಬರೋಕೆ ಮುಂಚೆನೇ ಹೇಳ್ಬಿಟ್ರಲ್ಲ!" ಎಂದು ನಕ್ಕರು. ಪೂರ್ತಿ ಓದಲು ನಾಲ್ಕು ದಿನ ಬೇಕಂತೆ. ಸುಲಭವಾಗಿ ಕೊಡುವ ಜಾಗವನ್ನೆಲ್ಲ ಮೊದಲು ಓದಿಕೊಳ್ಳುತ್ತಾರೆ, ಗೀರು ಬಿದ್ದ ಜಾಗಕ್ಕೆ ಕೊನೆಯಲ್ಲಿ ಹೋಗುತ್ತಾರೆ. "ಕೊಡದೆ ಇರೋ ಕಡೆ ಹಟ ಮಾಡಿದ್ರೆ ಕೊಡ್ತಾ ಇರೋದೂ ಹೋಗತ್ತೆ ಸರ್. ಅದಕ್ಕೇ ನಾನು ಕಾಯ್ತೀನಿ."

ಬಸ್ಸಿನಲ್ಲಿ ಅಕ್ಕ ಕಿಟಕಿಯ ಪಕ್ಕ ಕೂತು ದಾರಿಯುದ್ದಕ್ಕೂ ಎರಡು ಬೆರಳನ್ನು ಕಿಟಕಿಯ ಕಂಬಿಯ ಮೇಲಿಟ್ಟಿದ್ದಳು.

ಮಾರ್ಚ್ 24, ಸೋಮವಾರ

ಮುನ್ನೂರ ಎಪ್ಪತ್ತೊಂದು ವಿಡಿಯೊ ಬಂದಿವೆ. ನಲವತ್ತೊಂದು ಹೋದವು, ಗೀರಿನ ಪಾಲಾದವು. ಸಂತೋಷಕ್ಕೆ ಡಿಸ್ಕ್ ಡಾಕ್ಟರಿಗೆ ಕೈ ಮುಗಿದೆ. ಅವರು ಮಾತ್ರ ನಗಲಿಲ್ಲ.

"ಒಂದು ವಿಷಯ ಇದೆ ಸರ್. ಯಾವ ಫೈಲಿಗೆ ಯಾವ ಹೆಸರು ಅಂತ ಬರೆದಿಟ್ಟ ಜಾಗದಲ್ಲೇ ದೊಡ್ಡ ಗೀರು ಬಿದ್ದಿದೆ. ಪುಸ್ತಕ ಸಿಕ್ಕಿದೆ, ಪರಿವಿಡಿ ಹರಿದು ಹೋಗಿದೆ ಅಂದ್ಕೊಳ್ಳಿ."

ಕರಡು ತಿದ್ದುವವನಿಗೆ ಬೇರೆ ವಿವರಣೆ ಬೇಕೆ? ಹೆಸರಿನ ಜಾಗದಲ್ಲಿ ಬರೀ ಅಂಕೆಗಳು. ಒಂದು, ಎರಡು, ಮೂರು. ಧ್ವನಿಯೂ ಇಲ್ಲ. ಅಮ್ಮ, ಅಕ್ಕ ಮುನ್ನೂರ ಎಪ್ಪತ್ತೊಂದು ಸಲ ಏನನ್ನೋ ಹೇಳುತ್ತಿದ್ದಾರೆ, ಏನೆಂದು ಬರೆದಿಲ್ಲ. ಆಪರೇಷನ್ನಿಗೆ ಇನ್ನು ಹದಿನಾರು ದಿನ.

ಮಾರ್ಚ್ 25, ಮಂಗಳವಾರ

ಬೆಳಿಗ್ಗೆಯಿಂದ ಸಂಜೆವರೆಗೆ ಒಬ್ಬನೇ ಭೂತಗನ್ನಡಿ ಹಿಡಿದು ಕೂತೆ. ಹನ್ನೊಂದಕ್ಕೆ ಹೆಸರಿಟ್ಟೆ. ಅದರಲ್ಲಿ ನಾಲ್ಕು ಅನುಮಾನ. ತಲೆನೋವು. ಮುಖ ಕಾಣದೆ ಕೈ ಮಾತ್ರ ನೋಡಿ ಹೆಸರಿಡುವುದು ಒತ್ತಕ್ಷರವನ್ನೆಲ್ಲ ಅಳಿಸಿದ ಪುಟ ಓದಿದಂತೆ.

ಮಾರ್ಚ್ 28, ಶುಕ್ರವಾರ

ಎರಡು ದಿನ ಬರೆಯಲು ಪುರುಸೊತ್ತಾಗಲಿಲ್ಲ, ಅಷ್ಟು ಗದ್ದಲ ಮನೆಯಲ್ಲಿ.

ಬುಧವಾರ ಮಗಳು ನನ್ನ ಕೈಯಿಂದ ಭೂತಗನ್ನಡಿ ಕಿತ್ತುಕೊಂಡು, "ಅಪ್ಪ, ನೀನು ಏಳು. ಅತ್ತೆ ಕೂತ್ಕೊಳ್ಲಿ" ಎಂದಳು. ಈಗ ಏರ್ಪಾಡು ಹೀಗಿದೆ: ಪರದೆಯ ಮುಂದೆ ಅಕ್ಕ. ಅವಳ ಒಂದು ಬದಿಗೆ ಹೆಂಡತಿ, ಇನ್ನೊಂದು ಬದಿಗೆ ಕೀಬೋರ್ಡು ಹಿಡಿದು ಮಗಳು. ವಿಡಿಯೊ ಓಡುತ್ತದೆ. ಅಕ್ಕ ನೋಡಿ, ಆ ಸನ್ನೆಯ ಅರ್ಥವನ್ನು ಎದ್ದು ನಿಂತು ಅಭಿನಯಿಸಿ ತೋರಿಸುತ್ತಾಳೆ, ಇಲ್ಲವೇ ಮನೆಯಲ್ಲೆಲ್ಲ ಓಡಾಡಿ ಆ ವಸ್ತುವನ್ನೇ ತಂದು ಮುಂದಿಡುತ್ತಾಳೆ. ಚಮಚ, ಬೀಗ, ಪೊರಕೆ, ನನ್ನ ಹಳೆಯ ಕನ್ನಡಕ. ಇವರಿಬ್ಬರೂ ಕೂಗಿ ಹೇಳುತ್ತಾರೆ. ತುಟಿ ನೋಡಿ ಅಕ್ಕನಿಗೆ ಕೆಲವು ತಿಳಿಯುತ್ತವೆ; ತಿಳಿಯದಿದ್ದರೆ ಇವರೇ ಅಭಿನಯಿಸಬೇಕು. ನಿನ್ನೆ "ಅಸೂಯೆ" ಎಂಬುದಕ್ಕೆ ಹೆಂಡತಿ ಮಾಡಿದ ಮುಖ ನೋಡಿ ಅಕ್ಕ ಕುರ್ಚಿಯಿಂದ ಜಾರಿದಳು. ನನಗೆ ಹಿಂದೆ ಒಂದು ಸ್ಟೂಲು, ಅನುಮಾನ ಬಂದರೆ ಮಾತ್ರ ಕರೆಯುತ್ತಾರೆ. ಕಡಿಮೆ ಕರೆಯುತ್ತಿದ್ದಾರೆ.

ಯಾಕೆಂದರೆ ಹೆಂಡತಿಗೆ ಅರ್ಧಕ್ಕರ್ಧ ಮೊದಲೇ ಗೊತ್ತು! ವಿಡಿಯೊ ಮುಗಿಯುವ ಮೊದಲೇ "ಬೆಳ್ಳುಳ್ಳಿ", "ನಾಳಿದ್ದು", "ಸುಳ್ಳು ಹೇಳ್ಬೇಡ" ಎನ್ನುತ್ತಾಳೆ.

"ನಿಂಗೆ ಹೇಗೆ ಗೊತ್ತು?" ಎಂದೆ.

"ಇಪ್ಪತ್ತೆರಡು ವರ್ಷ ಒಂದೇ ಅಡುಗೆಮನೇಲಿ ಇದ್ದೀವಿ. ಇಬ್ರೂ ಗೋಡೆ ನೋಡ್ಕೊಂಡು ನಿಂತಿದ್ವಿ ಅಂದ್ಕೊಂಡ್ರಾ?"

"ಮತ್ತೆ ಇಷ್ಟು ವರ್ಷ ಯಾಕೆ ಹೇಳ್ಲಿಲ್ಲ?"

"ನೀವೆಲ್ಲಿ ಬಿಟ್ರಿ? ಅತ್ತಿಗೆ ಕೈ ಎತ್ತೋಷ್ಟರಲ್ಲಿ ನೀವು ಅರ್ಥ ಹೇಳಿ ಮುಗಿಸಿರ್ತಿದ್ರಿ. ನಮ್ಮ ಪಾಡಿಗೆ ನಾವು ನೀವು ಕೆಲಸಕ್ಕೆ ಹೋದ್ಮೇಲೆ ಮಾತಾಡ್ಕೋತಿದ್ವಿ."

ಅಮ್ಮನ ಪಟ್ಟಿಯಲ್ಲಿಲ್ಲದ ಸನ್ನೆಗಳೂ ಇವರಿಬ್ಬರ ನಡುವೆ ಇವೆಯಂತೆ. ಎಷ್ಟು ಎಂದು ಕೇಳಿದರೆ ಇಬ್ಬರೂ ನನಗೆ ತಿಳಿಯದ ಒಂದು ಸನ್ನೆ ಮಾಡಿ ನಕ್ಕರು. ಜಗತ್ತಿನಲ್ಲಿ ಮೂರೇ ಜನ ಎಂದು ಮೊದಲ ಪುಟದಲ್ಲಿ ಬರೆದಿದ್ದೇನೆ. ಅದನ್ನು ಹೊಡೆದು ಹಾಕಿ ಬಂದೆ.

ಏಪ್ರಿಲ್ 1, ಮಂಗಳವಾರ

ನೂರ ತೊಂಬತ್ತಾರನೆಯ ವಿಡಿಯೊದಲ್ಲಿ ಯಾವ ಸನ್ನೆಯೂ ಇಲ್ಲ. ನಾನು ಕ್ಯಾಮೆರಾ ಬಂದ್ ಮಾಡಲು ಮರೆತದ್ದಿರಬೇಕು. ಅಕ್ಕ ಅದನ್ನು ಏಳು ಸಲ ಹಾಕಿಸಿದಳು. ನನಗೆ ಎರಡು ಮಸುಕು ಆಕಾರ ಅಲುಗುವುದಷ್ಟೇ ಕಂಡಿತು.

"ಏನಾಗ್ತಿದೆ?" ಎಂದು ಕೇಳಿದೆ.

ಹೆಂಡತಿ ಹೇಳುತ್ತಾ ಹೋದಳು. "ಅತ್ತೆಯೋರಿಗೆ ಸನ್ನೆ ಮರೆತು ಹೋಗಿದೆ. ಅತ್ತಿಗೆ ಹೇಳಿಕೊಡ್ತಿದ್ದಾರೆ. ಅತ್ತೆ ತಪ್ಪು ಮಾಡ್ತಿದ್ದಾರೆ. ಅತ್ತಿಗೆ ಕೈ ಮೇಲೆ ಒಂದೇಟು ಕೊಟ್ರು. ಈಗ ಇಬ್ರೂ ನಗ್ತಿದ್ದಾರೆ. ಅತ್ತೆ ಹಲ್ಲಿನ ಸೆಟ್ಟು ಹಾಕಿಲ್ಲ, ಅದಕ್ಕೆ ಬಾಯಿಗೆ ಸೆರಗು ಅಡ್ಡ ಹಿಡ್ಕೊಂಡಿದ್ದಾರೆ. ಅತ್ತಿಗೆ ಸೆರಗು ಎಳೀತಿದ್ದಾರೆ."

ನನಗೆ ಅಳು ಬಂತು, ಅತ್ತುಬಿಟ್ಟೆ. ಅಮ್ಮನನ್ನು ಕಣ್ಣಾರೆ ಕಂಡಿದ್ದರೂ ಇಷ್ಟು ಚೆನ್ನಾಗಿ ಕಾಣುತ್ತಿರಲಿಲ್ಲ. ಆ ಡಿಸ್ಕ್ ಡಾಕ್ಟರ್ ತಮ್ಮ ಗೂಡಿನಲ್ಲಿ ಕೂತು ಕಾದು ಕಾದು ತೆಗೆದದ್ದರಲ್ಲಿ ಇದೂ ಒಂದು ಎಂದು ಅವರಿಗೆ ಗೊತ್ತೇ ಇಲ್ಲ. ನಾಳೆ ಫೋನು ಮಾಡಿ ಹೇಳಬೇಕು. ಮಗಳು ಇದಕ್ಕೆ ಏನು ಹೆಸರಿಡಲಿ ಎಂದಳು. ಅಕ್ಕನನ್ನೇ ಕೇಳು ಎಂದೆ. ಅಕ್ಕ "ಅಮ್ಮ" ಎಂದಳು.

ಏಪ್ರಿಲ್ 4, ಶುಕ್ರವಾರ

ಮುನ್ನೂರ ಎಪ್ಪತ್ತೊಂದೂ ಮುಗಿದವು. ಕೊನೆಯಲ್ಲಿ ಉಳಿದದ್ದು ಮನೆಯವರ ಹೆಸರು. ಹೆಂಡತಿಯದು ಜಡೆ ಹಿಂದಕ್ಕೆ ಎಸೆಯುವ ಸನ್ನೆ. ಮಗಳದು ಮೂಗಿನ ಕೆಳಗೆ ತೋರುಬೆರಳು ಒರೆಸುವುದು. ತನ್ನ ಹೆಸರು ಗೊಣ್ಣೆ ಎಂದು ಮಗಳಿಗೆ ಇವತ್ತು ಗೊತ್ತಾಯಿತು. ಇಪ್ಪತ್ತು ವರ್ಷ ತಾನದನ್ನು ಹೂವಿನ ವಾಸನೆ ನೋಡುವ ಸನ್ನೆ ಅಂದುಕೊಂಡಿದ್ದಳಂತೆ. ಹೊಟ್ಟೆ ಹಿಡಿದುಕೊಂಡು ನಕ್ಕೆ. ಅಷ್ಟು ನಗಬಾರದಿತ್ತು, ಮುಂದಿನದು ನನ್ನದೇ.

"ಇದು 'ಕಿವಿ'. ಬರ್ಕೋ. ಅಕ್ಕನ ಕಿವಿ ನಾನು ಅಂತ," ಎಂದೆ.

ಮಗಳು ಬರೆದುಕೊಳ್ಳಲಿಲ್ಲ. "ಅಪ್ಪ, ಬರೀ ಹಿಡೀತಿಲ್ಲ. ಹಿಡಿದು ತಿರುಚ್ತಿದ್ದಾರೆ ನೋಡು."

"ಎಲ್ಲಿ ತಿರುಚ್ತಾಳೆ? ನಾನು ಐವತ್ತು ವರ್ಷದಿಂದ ನೋಡ್ತಿಲ್ವಾ?"

"ನೀನು ಸುಮ್ನಿರು. ಅತ್ತೆನೇ ಕೇಳ್ತೀನಿ."

ಕೇಳಿದಳು. ನನ್ನ ನೆರವಿಲ್ಲದೆ, ತಾನೇ, ತಪ್ಪು ತಪ್ಪು ಕೈಯಲ್ಲಿ. ಅಕ್ಕ ಮೊಣಕಾಲೆತ್ತರದ ಒಂದು ಪುಟ್ಟ ಆಕಾರವನ್ನು ಗಾಳಿಯಲ್ಲಿ ನಿಲ್ಲಿಸಿದಳು. ಆ ಆಕಾರ ಡಬ್ಬಿಯಿಂದ ಏನನ್ನೋ ಕದ್ದಿತು. ಬಾಯಿಗೆ ಹಾಕಿಕೊಂಡಿತು. ಅಕ್ಕ ಬಂದಳು. ಕಿವಿ ಹಿಡಿದಳು. ತಿರುಚಿದಳು. ಹೆಂಡತಿ ನಕ್ಕು ನಕ್ಕು ಗೋಡೆಗೆ ಒರಗಿದಳು.

ಅಲ್ಲಿಗೆ ನಾನು ಅಕ್ಕನ ಕಿವಿ ಅಲ್ಲ. ಅಕ್ಕ ಕಿವಿ ಹಿಂಡುವ ತಮ್ಮ. ಅಮ್ಮನಿಗೂ ಇದು ಗೊತ್ತಿತ್ತು, ಹೇಳದೆಯೇ ಹೋದಳು. ಎಂಥ ಅಮ್ಮ! ಐವತ್ತು ವರ್ಷ ತಿದ್ದದೆ ಉಳಿದ ತಪ್ಪು ಇದು, ತಿದ್ದಿಕೊಟ್ಟವಳು ಗೊಣ್ಣೆ. ಮಗಳು "ಕಿವಿ ಹಿಂಡು" ಎಂದು ಎರಡು ಪದವಾಗಿ ಬರೆದಳು. "ಕಿವಿಹಿಂಡು, ಒಂದೇ ಪದ, ಬಿಡಿಸಿ ಬರೀಬಾರ್ದು" ಎಂದೆ. ಅಷ್ಟು ಮರ್ಯಾದೆಯಾದರೂ ಉಳಿಯಲಿ.

ಏಪ್ರಿಲ್ 8, ಮಂಗಳವಾರ

ನಾಳೆ ಆಸ್ಪತ್ರೆ.

ಹೋದ ನಲವತ್ತೊಂದನ್ನೂ ಮತ್ತೆ ತೆಗೆದಾಯಿತು. ಅಕ್ಕನ ಪಕ್ಕದಲ್ಲಿ ಅಮ್ಮನ ಜಾಗದಲ್ಲಿ ಹೆಂಡತಿ ಕೂತಳು, ಮಗಳು ವಿಡಿಯೊ ತೆಗೆದಳು, ಮೂರೇ ದಿನ ಹಿಡಿಯಿತು. ಬಿಕ್ಕು ಎಂಬುದೂ ಹೋದವುಗಳಲ್ಲೇ ಇತ್ತು. ಈ ಸಲ ಎರಡು ವಿಡಿಯೊ, ಕಣ್ಣಿಳಿಸಿ ಒಂದು, ಕಣ್ಣರಳಿಸಿ ಒಂದು. ಅಡುಗೆಮನೆಯ ಸನ್ನೆಗಳು ಅರವತ್ತಮೂರು ಸೇರಿವೆ. ಧ್ವನಿಯನ್ನೂ ಇಡು ಎಂದು ನಾನೇ ಹೇಳಿದೆ. ನಡುನಡುವೆ ಹೆಂಡತಿ ನಗುವುದು, ಫ್ಯಾನು, ಕೆಳಗಿನ ರಸ್ತೆಯ ಹಾರನ್ನು ಎಲ್ಲ ಇದೆ. ಇರಲಿ. ಮೂರು ಕಡೆ ಪ್ರತಿ ಮಾಡಿಸಿದೆ. ಮಗಳು ಹುಬ್ಬೇರಿಸಿದಳು, ಅಷ್ಟೇ. ಒಳ್ಳೆಯ ಮಗು.

ಸತ್ತ ಡಿಸ್ಕನ್ನು ಡಿಸ್ಕ್ ಡಾಕ್ಟರ್ ವಾಪಸು ಕೊಟ್ಟಿದ್ದಾರೆ. ಮಡಚಿದ ಹಾಳೆ ಗಾಳಿಗೆ ಹಾರದಂತೆ ಅಕ್ಕ ಅದನ್ನು ಭಾರಕ್ಕೆ ಇಟ್ಟುಕೊಂಡಿದ್ದಾಳೆ. ಅದು ಕೆಟ್ಟದ್ದು ಒಳ್ಳೆಯದೇ ಆಯಿತು ಎಂದು ಬರೆಯುವಷ್ಟು ದೊಡ್ಡ ಮನಸ್ಸು ನನಗಿಲ್ಲ, ಐದು ವಾರ ಜೀವ ಹಿಂಡಿದೆ. ಆದರೂ ಅದನ್ನು ನೋಡಿದಾಗ ಸಿಟ್ಟು ಬರುವುದಿಲ್ಲ.

ಏಪ್ರಿಲ್ 11, ಶುಕ್ರವಾರ

ಆಯಿತು. ಬೋರಲು ಮಲಗಿದ್ದೇನೆ. ಹಣೆ ಮಂಚದ ತುದಿಯ ದಿಂಬಿಗೆ, ನೋಟುಬುಕ್ಕು ಕೆಳಗೆ ಸ್ಟೂಲಿನ ಮೇಲೆ. ದೊಡ್ಡಕ್ಷರ. ಬಲಗಣ್ಣಿಗೆ ಕವಚ. ಬೆನ್ನು ನೋವು.

ಪಕ್ಕದ ಕೋಣೆಯಲ್ಲಿ ಮೂವರೂ ಮಾತಾಡುತ್ತಿದ್ದಾರೆ. ನಡುವೆ ಯಾರೂ ನನ್ನನ್ನು ಕೂಗಲಿಲ್ಲ.

ಏಪ್ರಿಲ್ 14, ಸೋಮವಾರ

ಡಾಕ್ಟರು ನೋಡಿದರು. ರಂಧ್ರ ಮುಚ್ಚುತ್ತಿದೆ, ಇನ್ನು ಐದು ದಿನ ಹೀಗೇ ಇರಿ ಎಂದರು. ಅವರಿಗೂ ಕೃತಜ್ಞ.

ಐದು ದಿನದಿಂದ ನಾನು ಕಂಡದ್ದು ನೆಲ ಮತ್ತು ಸ್ಟೂಲು ಮಾತ್ರ. ಮಧ್ಯಾಹ್ನ ಯಾರೋ ಸ್ಟೂಲನ್ನು ಪಕ್ಕಕ್ಕೆ ಸರಿಸಿದರು. ಚಾಪೆ ಬಂತು. ಆಮೇಲೆ ಅಕ್ಕ ಬಂದಳು, ಐವತ್ತಾರು ವರ್ಷದ ಅಕ್ಕ, ಮಂಡಿ ನೋವಿನ ಅಕ್ಕ, ಅಂಗಾತ ಮಲಗಿ, ಹಿಮ್ಮಡಿಯಲ್ಲಿ ನೆಲ ಒದ್ದು ಒದ್ದು ಸರಿದುಕೊಂಡು, ನನ್ನ ಮುಖದ ಕೆಳಗೆ ಸರಿಯಾಗಿ ಬಂದು ನಿಂತಳು. ನಿಂತಳು ಎಂದರೆ ಮಲಗಿದಳು. ಒಂದು ಮೊಳ ದೂರ. ಅಷ್ಟು ಹತ್ತಿರಕ್ಕೆ ನನ್ನ ಸೋಮಾರಿ ಎಡಗಣ್ಣಿಗೂ ಮುಖ ಪೂರ್ತಿ ಕಾಣುತ್ತದೆ. ಹುಬ್ಬಿನ ನಡುವಿನ ಗೆರೆ, ಮೂಗಿನ ಪಕ್ಕದ ಮಚ್ಚೆ, ಎಲ್ಲ. ತಿಂಗಳುಗಳ ಮೇಲೆ ಕಂಡೆ.

ನಾನು ಬಿದ್ದುಕೊಂಡರೆ ಅಕ್ಕನ ಮಾತು ನೋಡುವವರು ಯಾರು ಎಂದು ಒದ್ದಾಡಿದ್ದೆನಲ್ಲ, ಅವಳಿಗೆ ಒಂದು ಚಾಪೆ ಸಾಕಾಗಿತ್ತು.

ಅವಳು ಎದೆಯ ಮೇಲೆ ಕೈ ಆಡಿಸುತ್ತಾ ಮನೆಯ ಸುದ್ದಿಯೆಲ್ಲ ಹೇಳಿದಳು. ಗೊಣ್ಣೆ ಬೆಳಿಗ್ಗೆ ಹಾಲು ಉಕ್ಕಿಸಿದಳು. ಜಡೆ ಬೈದಳು. ಹಾಳೆಯ ಕಟ್ಟು ಮೂರು ಮುಗಿದವು. ನಾನು ಅರ್ಥ ಹೇಳಬೇಕಾದವರು ಅಲ್ಲಿ ಯಾರೂ ಇರಲಿಲ್ಲ, ಸುಮ್ಮನೆ ನೋಡುತ್ತಿದ್ದೆ. ಯಾವಾಗ ತುಂಬಿತೋ ಗೊತ್ತಿಲ್ಲ, ಎಡಗಣ್ಣಿನಿಂದ ಒಂದು ಹನಿ ಜಾರಿ ನೇರ ಅಕ್ಕನ ಹಣೆಯ ಮೇಲೆ ಬಿತ್ತು.

ಅಕ್ಕ ಕೈ ನಿಲ್ಲಿಸಿದಳು. ಹಣೆ ಮುಟ್ಟಿ ನೋಡಿಕೊಂಡಳು. ಮುಷ್ಟಿಯನ್ನು ಎದೆಗಿಟ್ಟು ಎರಡು ಸಲ ಕುಕ್ಕಿ, ಹುಬ್ಬೇರಿಸಿ ಕೇಳಿದಳು.

ನಾನು ಮಂಚದಿಂದ ಕೈ ಇಳಿಬಿಟ್ಟು, ಮುಷ್ಟಿ ಕುಕ್ಕಿ, ಇದ್ದ ಒಂದು ಕಣ್ಣನ್ನು ಆದಷ್ಟು ಅಗಲ ಅರಳಿಸಿದೆ. ಬಿಕ್ಕಳಿಕೆ, ಅಕ್ಕ. ಬರೀ ಬಿಕ್ಕಳಿಕೆ.

ಅವಳು ನಂಬಲಿಲ್ಲ. ಕೈ ಮೇಲೆ ಚಾಚಿ, ಈ ಸಲ ತನ್ನ ಕಿವಿಯನ್ನಲ್ಲ, ನನ್ನ ಕಿವಿಯನ್ನೇ ಹಿಡಿದು ತಿರುಚಿ, ನನ್ನ ಹೆಸರು ಕರೆದಳು.